ಯಾರೂ ಬಾರಿಸದ ಗಿಟಾರು

ಗಿಟಾರು ಮಾರಿಬಿಡುತ್ತೇನೆ ಎಂದು ಜಯದೇವಿ ಹೇಳಿದ್ದು ಊಟಕ್ಕೆ ಕೂತಾಗ. ತಾಟಿನಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಇದ್ದವು. ತಮ್ಮ ವಿವೇಕಾನಂದ ಎರಡನೆಯ ರೊಟ್ಟಿ ಮುರಿಯುತ್ತಿದ್ದ, ಅವನ ಹೆಂಡತಿ ಸುನಂದಾ ಮೊಸರಿನ ಪಾತ್ರೆ ಹುಡುಕುತ್ತಿದ್ದಳು, ಅವರ ಮಗಳು ಅಂಜನಾ ಒಂದು ಕೈಯಲ್ಲಿ ಉಣ್ಣುತ್ತ ಇನ್ನೊಂದು ಕೈಯಲ್ಲಿ ಫೋನು ನೋಡುತ್ತಿದ್ದಳು.

"ಎಡಗೈ ನಡಗಾಕತ್ತದ. ಉಕ್ಕಿನ ತುಂಡು ಹಿಡೀಲಾಕ ಬರೂದಿಲ್ಲ. ಸುಮ್ಮ ಮನ್ಯಾಗ ಇಟ್ಟು ಏನ ಮಾಡೂದು? ಮಾರಿಬಿಡ್ತೀನಿ," ಎಂದಳು ಜಯದೇವಿ.

ಹೇಳಿ ತಾಟು ನೋಡುತ್ತ ಕೂತಳು. ಅವಳಿಗೆ ಬೇಕಾಗಿದ್ದದ್ದು ಒಂದೇ ಮಾತು. ಬ್ಯಾಡ. ಮೂವರಲ್ಲಿ ಯಾರು ಹೇಳಿದ್ದರೂ ನಡೆಯುತ್ತಿತ್ತು. ಬ್ಯಾಡ ಅಕ್ಕಾ, ಕೈ ನಡುಗಿದ್ರ ನಡುಗಲಿ, ಇರಲಿ ಬಿಡು ಅಂದಿದ್ದರೆ ಆಕೆ ಒಂದೆರಡು ಮಾತು ಹುಸಿಜಗಳ ಆಡಿ, ಕೊನೆಗೆ ಒಪ್ಪಿಕೊಂಡು, ನೆಮ್ಮದಿಯಾಗಿ ಮಲಗುತ್ತಿದ್ದಳು. ಅದಕ್ಕಾಗಿಯೇ ಅವಳು ಆ ಮಾತು ಎತ್ತಿದ್ದು.

ವಿವೇಕಾನಂದ ಬಾಯಲ್ಲಿದ್ದದ್ದನ್ನು ನುಂಗಿದ. "ಛಲೋ ಆತು ಬಿಡು ಅಕ್ಕಾ. ನಾನೇ ನಿನಗ ಹೆಂಗ ಹೇಳಬೇಕು ಅಂತ ವಿಚಾರ ಮಾಡಾಕತ್ತಿದ್ದೆ."

"ಹೊಸಾ ಮನ್ಯಾಗ ಅಷ್ಟು ದೊಡ್ಡ ಪೆಟಗಿ ಎಲ್ಲಿ ಇಡಬೇಕಂತ ನನಗೂ ಚಿಂತಿ ಹತ್ತಿತ್ತ್ರಿ," ಎಂದಳು ಸುನಂದಾ. "ನೀವಾಗೇ ಅಂದಿದ್ದು ಚೊಲೋ ಆತು ನೋಡ್ರಿ ಅಕ್ಕಾ."

"ಅತ್ತಿ, ನಾ ಫೋಟೋ ತಗದು ಹಾಕ್ತೀನಿ. ಹಳೇ ಗಿಟಾರಿಗಿ ಈಗ ಭಾಳ ಡಿಮ್ಯಾಂಡ್ ಅದ," ಎಂದಳು ಅಂಜನಾ.

ಮೂವರೂ ಪ್ರೀತಿಯಿಂದಲೇ ಹೇಳಿದರು. ಆ ಮನೆಯಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಕೆಟ್ಟವರಿದ್ದಿದ್ದರೆ ಜಗಳವಾದರೂ ಆಡಬಹುದಿತ್ತು. ಜಯದೇವಿ ಮೊಸರು ಹಾಕಿಸಿಕೊಂಡು ಉಂಡು ಎದ್ದಳು.

"ಯವ್ವಗ ಮಾತ್ರ ಹೇಳೂದು ಬ್ಯಾಡ," ಎಂದ ವಿವೇಕಾನಂದ ಕೈ ತೊಳೆಯುತ್ತ. "ಅಪ್ಪ ತಂದಿದ್ದು ಅಂತ ಗದ್ದಲ ಹಾಕ್ತಾಳ. ರಿಪೇರಿಗಿ ಕೊಟ್ಟೀವಿ ಅನ್ನೋಣು."

"ಆಕಿ ಯಾಕ ಗದ್ದಲ ಹಾಕ್ತಾಳೋ? ಅದರ ಸಪ್ಪಳ ಕೇಳಿದ್ರ ಆಕೀಗಿ ಮೈ ಉರೀತದ. ಹೋತು ಅಂದ್ರ ಸಕ್ರಿ ಹಂಚ್ತಾಳ," ಎಂದಳು ಜಯದೇವಿ.

"ಏನರೆ ಇರಲಿ. ಹೇಳಬ್ಯಾಡ."

ಅವ್ವ ಗುಂಡಮ್ಮ ಸಂಜೆ ದೀಪ ಹಚ್ಚಿದ ಕೂಡಲೇ ಹಾಲು ರೊಟ್ಟಿ ಉಂಡು ಪಡಸಾಲೆಯ ಹೊರಸಿನ ಮೇಲೆ ಮಲಗುವವಳು. ಕಣ್ಣು ಮಬ್ಬಾಗಿತ್ತು, ಕಿವಿ ಮಾತ್ರ ಬಲು ಚುರುಕು. ಅಡಿಗೆಮನೆಯ ಮಾತು ಪಡಸಾಲೆಗೆ ಮುಟ್ಟದ ಹಾಗೆ ಅವರು ದನಿ ಇಳಿಸಿದ್ದರು.

ಆ ಗಿಟಾರು ಈ ಮನೆಗೆ ಬಂದದ್ದೇ ಒಂದು ತಪ್ಪಿನಿಂದ. ಅಪ್ಪ ಗುರುಲಿಂಗಪ್ಪ ಸಿಕಂದರಾಬಾದಿನಲ್ಲಿ ರೇಲ್ವೆ ನೌಕರಿಯಲ್ಲಿದ್ದ. ಮಗಳು ಸಿತಾರ ಕೇಳಿದ್ದಳು. ಊರು ಬಿಟ್ಟು ಹೊರಟಿದ್ದ ಯಾವನೋ ಹೋಟೆಲ್ ವಾದ್ಯಗಾರ ಮನೆಯ ಸಾಮಾನೆಲ್ಲ ಮಾರುತ್ತಿದ್ದಾಗ ಗುರುಲಿಂಗಪ್ಪ ಇದನ್ನು ಕೊಂಡುಕೊಂಡು ಬಂದ. ತಂತಿ ಅದಾವ, ಬುರುಡಿ ಅದ, ಇದೂ ಹಂಗೇ ಇರತದ ಎಂಬುದು ಅವನ ಲೆಕ್ಕ. ದೊಡ್ಡ ಮೈ, ಒಳಗೆ ಪೂರಾ ಟೊಳ್ಳು, ಹೊಟ್ಟೆಯ ಮೇಲೆ ಪಿಟೀಲಿಗಿರುವಂಥ ಎರಡು ಸೀಳು, ಜೋನಿಬೆಲ್ಲದ ಬಣ್ಣ. ದೊಡ್ಡ ಹೋಟೆಲುಗಳಲ್ಲಿ ಜಾಝ್ ಬಾರಿಸುವವರ ಗಿಟಾರು ಅದು. ಇವರಿಗೆ ಜಾಝ್ ಎಂಬ ಶಬ್ದವೂ ಗೊತ್ತಿರಲಿಲ್ಲ. ಜಯದೇವಿ ನೆಲಕ್ಕೆ ಚಕ್ಕಳಮಕ್ಕಳ ಹಾಕಿ ಕೂತು ಅದನ್ನು ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡಳು. ಬೇರೆ ಹೇಗೆ ಹಿಡಿಯಬಹುದೆಂದು ಯಾರೂ ಹೇಳಲಿಲ್ಲ.

ಆಗೆಲ್ಲ ಗಿಟಾರನ್ನು ಹಾಗೆ ಮಲಗಿಸಿ ಬಾರಿಸುವ ಪದ್ಧತಿಯೂ ಇತ್ತು. ಯಶೋಧರಾಬಾಯಿ ಎನ್ನುವ ಟೀಚರು ಗಿಟಾರಿನ ಕತ್ತಿನ ತುದಿಗೆ ಒಂದು ಮೂಳೆಯ ತುಂಡು ಕೂಡಿಸಿ ತಂತಿಗಳನ್ನು ಮೇಲೆತ್ತಿಕೊಟ್ಟಳು. ಎಡಗೈಯಲ್ಲಿ ಬೆರಳುದ್ದದ ಉಕ್ಕಿನ ತುಂಡು ಹಿಡಿದು ತಂತಿಯ ಮೇಲೆ ಜಾರಿಸಿದರೆ ಸ್ವರ ಮನುಷ್ಯರ ದನಿಯ ಹಾಗೆ ಎಳೆದುಕೊಂಡು ಹೋಗುತ್ತಿತ್ತು. ಜಯದೇವಿ ಅದರಲ್ಲೇ ವಚನ ಬಾರಿಸಿದಳು, ಸೋಮವಾರ ಭಜನೆಯವರ ಸಂಗಡ ಕೂತಳು, ಶರಣಬಸವೇಶ್ವರ ಗುಡಿಯ ಸುತ್ತಿನ ಓಣಿಗಳ ಹುಡುಗಿಯರಿಗೆ ಪಾಠ ಹೇಳಿದಳು. ಅಪ್ಪ ಹೋದ ಮೇಲೆ ಆ ಪಾಠದ ದುಡ್ಡಿನಲ್ಲೇ ವಿವೇಕಾನಂದ ಡಿಗ್ರಿ ಮುಗಿಸಿದ. ನೋಡಲು ಬಂದ ವರಗಳು ಬಂದ ಹಾಗೆ ಹೋದವು. ಒಂದು ದಿನ ನೋಡಿದರೆ ಬರುವುದೇ ನಿಂತಿತ್ತು. ಅದರ ಬಗ್ಗೆ ಆಕೆ ಯಾರ ಮುಂದೆಯೂ ಅತ್ತವಳಲ್ಲ.

ಗುಂಡಮ್ಮನದು ಮಾತ್ರ ದಿನವೂ ಒಂದೇ ವರಾತ. ಮಗಳು ಪೆಟ್ಟಿಗೆ ತೆಗೆದಳೆಂದರೆ ಸಾಕು, "ಹತ್ತಿತು ನೋಡು ಇದರದು ಕುಂಯ್ ಕುಂಯ್. ಮನಿ ಅದನೋ ಸಂತಿ ಅದನೋ," ಎನ್ನುವಳು. ಆ ಗಿಟಾರಿನ ಬೆನ್ನು ಉಬ್ಬಿದ್ದು, ತೊಡೆಯ ಮೇಲೆ ನಿಲ್ಲದೆ ಹೊಯ್ದಾಡುತ್ತಿತ್ತು. ಅದಕ್ಕೆಂದು ಹಳೆಯ ಸೀರೆಗಳ ಒಂದು ಚಿಕ್ಕ ಕೌದಿ ಹೊಲಿದುಕೊಟ್ಟವಳೂ ಅವಳೇ. ಯಾಕೆ ಹೊಲಿದೆ ಎಂದರೆ, "ನಿನ್ನ ಕಾಲ ನೊಂದ್ರ ನಾಳಿಗಿ ನನ್ನ ಕಾಲ ಯಾರ ಒತ್ತಬೇಕು?" ಎಂದಿದ್ದಳು.

ಭಾನುವಾರ ಅಂಜನಾ ಗಿಟಾರನ್ನು ಗೋಡೆಗೆ ಒರಗಿಸಿ ನಿಲ್ಲಿಸಿದಳು. ಜಯದೇವಿ ಅದು ಜಾರೀತೆಂದು ಕೈ ಚಾಚಿ ಪಕ್ಕದಲ್ಲೇ ನಿಂತಳು.

"ಅತ್ತಿ, ನಿನ್ನ ನೆರಳು ಬೀಳಾಕತ್ತದ. ಜರಾ ಸರಿ."

ಜಯದೇವಿ ಸರಿದಳು.

ಮೊದಲು ಬಂದವನು ಕುಸನೂರ ಕಡೆ ಹೊಸ ಹೋಟೆಲು ತೆರೆಯುವವನು. ಗಿಟಾರನ್ನು ಎತ್ತಿ ಭಾರ ನೋಡಿದ, ಮೊಳ ಹಾಕಿ ಅಗಲ ನೋಡಿದ, ತಂತಿಯ ಮೇಲೆ ಒಂದು ಬೆರಳೂ ಇಡಲಿಲ್ಲ.

"ಗಲ್ಲಾದ ಹಿಂದಿನ ಗೋಡಿಗಿ ಹಚ್ಚಿ ಲೈಟ್ ಬಿಡ್ತೇವ್ರಿ. ಸೆಲ್ಫಿ ತಗೋಳಾಕ ಮಂದಿ ಬರತಾರ. ತಂತಿ ಇದ್ರೂ ನಡೀತದ, ಇಲ್ಲದಿದ್ರೂ ನಡೀತದ."

"ಕೊಡೂದಿಲ್ಲ," ಎಂದಳು ಜಯದೇವಿ.

ಅವನು ಹೋದ ಮೇಲೆ ವಿವೇಕಾನಂದನಿಗೆ ಸಿಟ್ಟು ಬಂತು. "ಮಾರಿದ ಮ್ಯಾಲ ಅವರು ಗೋಡಿಗಿ ಹಚ್ಚಲಿ, ಒಲಿಗಿ ಹಚ್ಚಲಿ, ನಮಗೇನ ಅಕ್ಕಾ?"

"ಬಾರಸೂವ್ರಿಗಿ ಕೊಡ್ತೀನಿ. ಇಲ್ಲಂದ್ರ ಇಲ್ಲ."

"ಕಲಬುರಗ್ಯಾಗ ಇದನ್ನ ಬಾರಸೂವ್ರು ಎಲ್ಲಿ ಸಿಗತಾರ? ಮುಂದಿನ ತಿಂಗಳು ಮನಿ ಖಾಲಿ ಮಾಡೂದದ. ಅಡಿಗಿಮನಿ ಕಪಾಟಿನವ ದಿನಾ ಫೋನ್ ಹಚ್ಚಾಕತ್ಯಾನ. ನೀನೇ ಮಾರ್ತೀನಿ ಅಂದಿದ್ದಿ, ನಾವೇನು ಮಾರಂದಿದ್ವೇನು?"

"ನನ್ನ ಗಿಟಾರಿಗೂ ನಿನ್ನ ಕಪಾಟಿಗೂ ಏನೋ ಸಂಬಂಧ?"

"ಸಂಬಂಧ ಇಲ್ಲ. ಬಾಯಿ ತಪ್ಪಿ ಅಂದೆ, ತಗೋ."

ಸುನಂದಾ ಕಾಯಿಪಲ್ಯ ಹೆಚ್ಚುತ್ತಿದ್ದಳು. ತಲೆ ಎತ್ತದೆಯೇ, "ಅಕ್ಕಾಗ ಮಾರೂ ಮನಸೇ ಇಲ್ಲ, ಕಾಣ್ತದ," ಎಂದಳು.

ಜಯದೇವಿ ತಿರುಗಿ ಅವಳನ್ನು ನೋಡಿದಳು. ಇಷ್ಟು ದಿನಗಳಲ್ಲಿ ಒಬ್ಬರಾದರೂ ಅದನ್ನು ಕಂಡಿದ್ದರು. ಇನ್ನೊಂದು ಮಾತು, ಹಂಗಾರ ಮಾರಬ್ಯಾಡ್ರಿ ಅನ್ನುವುದೊಂದು ಉಳಿದಿತ್ತು. ಅಷ್ಟರಲ್ಲಿ ಕುಕ್ಕರು ಕೂಗಿತು. ಸುನಂದಾ ಈಳಿಗೆ ಮಡಚಿಟ್ಟು ಒಳಗೆ ಹೋದಳು. ಬೇಳೆ ಬೆಂದಿದೆಯೋ ಇಲ್ಲವೋ ನೋಡಿದಳು, ಒಗ್ಗರಣೆ ಕೊಟ್ಟಳು, ಮಾತು ಮರೆತಳು. ಜಯದೇವಿ ಹೆಚ್ಚಿದ ಬದನೆಕಾಯಿ ಕಪ್ಪಾಗದಂತೆ ನೀರಿಗೆ ಹಾಕಿದಳು.

ಮುಂದಿನ ವಾರ ಕಮಲಾಪುರದಿಂದ ತಾರಿಖ್ ಎಂಬವನ ಫೋನು ಬಂತು. ಬಾಳೆಹಣ್ಣಿನ ವ್ಯಾಪಾರಿ ವಹಾಬ್ ಸಾಬರ ಮಗ. ಬಾಳೆಮಂಡಿಯಲ್ಲಿ ಅಪ್ಪನಿಗೆ ಕೈಜೋಡಿಸುತ್ತ, ಮದುವೆಯ ಆರ್ಕೆಸ್ಟ್ರಾಗಳಲ್ಲಿ ಗಿಟಾರು ಬಾರಿಸುವವನು. ಗಿಟಾರು ಕಮಲಾಪುರಕ್ಕೆ ತಂದುಕೊಟ್ಟರೆ ಒಳ್ಳೆಯ ಬೆಲೆ ಕೊಡುತ್ತೇನೆ ಎಂದ.

"ಬಾರಸೂವ್ರು ಬೇಕಂದಿದ್ದೆಲ್ಲ, ಸಿಕ್ಕ ನೋಡು," ಎಂದ ವಿವೇಕಾನಂದ.

ಅದೇ ಸಂಜೆ ಜಯದೇವಿ ಪಡಸಾಲೆಯಲ್ಲಿ ಕೌದಿ ಹಾಸಿಕೊಂಡು ಗಿಟಾರು ಮಲಗಿಸಿದಳು. ಗುಂಡಮ್ಮ ಹೊರಸಿನ ಮೇಲೆ ಕೂತು ಬತ್ತಿ ಹೊಸೆಯುತ್ತಿದ್ದಳು. ಕೈ ನಡುಗಿತು, ಸ್ವರವೂ ನಡುಗಿತು, ನಿಲ್ಲಬೇಕಾದಲ್ಲಿ ನಿಲ್ಲದೆ ಮುಂದೆ ಜಾರಿತು.

"ಹತ್ತಿತು ನೋಡು," ಎಂದಳು ಗುಂಡಮ್ಮ.

"ಇವತ್ತೊಂದು ದಿನ ಕೇಳ ಯವ್ವಾ. ನಾಳಿಗಿ ರಿಪೇರಿಗಿ ಹೋಗತದ."

"ಎಷ್ಟ ದಿನಕ್ಕ ಬರತದ?"

"ಗೊತ್ತಿಲ್ಲ."

"ಜಲ್ದಿ ಮಾಡಂತ ಹೇಳು. ಇಲ್ಲಂದ್ರ ಇಟಗೊಂಡೇ ಕುಂದರತಾರ ಆ ಮಂದಿ," ಎಂದು ಗುಂಡಮ್ಮ ಇನ್ನೊಂದು ಎಳೆ ಹತ್ತಿ ತೆಗೆದುಕೊಂಡಳು. ಜಯದೇವಿ ಆ ಮಾತನ್ನು ಲಕ್ಷ್ಯಕ್ಕೆ ತೆಗೆದುಕೊಳ್ಳಲಿಲ್ಲ. ಅವಳ ಲಕ್ಷ್ಯವೆಲ್ಲ ಕೈಯ ಮೇಲಿತ್ತು.

ಮರುದಿನ ವಿವೇಕಾನಂದ ಗಿಟಾರನ್ನು ಆಟೋದಲ್ಲಿ ವಾದ್ಯದ ಅಂಗಡಿಗೆ ಒಯ್ದು ಹೊಸ ತಂತಿ ಹಾಕಿಸಿ, ಒರೆಸಿ ತಂದ. ಮಾರುವ ಸಾಮಾನು ನೋಡುವವರ ಕಣ್ಣಿಗೆ ಚೊಕ್ಕವಾಗಿರಬೇಕು ಎಂಬುದು ಅವನ ಮಾತು. ತಂದವನೇ ಪೆಟ್ಟಿಗೆ ಮುಚ್ಚಿ ಬೀಗ ಹಾಕಿದ. ಜಯದೇವಿ ತೆಗೆದು ನೋಡಲಿಲ್ಲ. ನೋಡಿದರೆ ಕೊಡಲಾಗುವುದಿಲ್ಲ ಎಂಬ ಭಯ ಅವಳಿಗೆ.

ಕಮಲಾಪುರದ ಬಸ್ಸಿನಲ್ಲಿ ಪೆಟ್ಟಿಗೆಗೂ ಟಿಕೆಟ್ ತೆಗೆಸಬೇಕಾಯಿತು. ಹೊರಗೆ ತೊಗರಿ ಹೊಲಗಳು ಹೂವಾಗಿದ್ದವು. ವಿವೇಕಾನಂದ ಶರಣಸಿರಸಗಿಯ ಹೊಸ ಮನೆಯ ನೀರಿನ ಟಾಕಿಯ ಬಗ್ಗೆ ದಾರಿಯುದ್ದಕ್ಕೂ ಹೇಳಿದ. ಜಯದೇವಿ ಹೂಂ ಎನ್ನುತ್ತ ಹೋದಳು.

ವಹಾಬ್ ಸಾಬರ ಮನೆ ಮಂಡಿಯ ಮೇಲಿನ ಮಾಳಿಗೆಯಲ್ಲಿತ್ತು. ಮೆಟ್ಟಿಲು ತುಂಬ ಕೆಂಪು ಬಾಳೆಯ ಗೊನೆಗಳು, ಹಣ್ಣಿನ ವಾಸನೆ ಮೂಗಿಗೆ ಅಡರುತ್ತಿತ್ತು. ಸಾಬರ ಹೆಂಡತಿ ಅಮೀನಾ ಚಾಪೆ ಹಾಸಿ, ಹಣ್ಣು ಕೊಟ್ಟು, ಚಹಾಕ್ಕಿಟ್ಟಳು. ತಾರಿಖ್ ಪೆಟ್ಟಿಗೆ ತೆರೆದ. ಗಿಟಾರನ್ನು ಎತ್ತಿ ಬೆಳಕಿಗೆ ಹಿಡಿದ. ಕತ್ತಿನ ಮೇಲೆ ಅಡ್ಡಡ್ಡ ಕೂಡಿಸಿದ ಲೋಹದ ಪಟ್ಟಿಗಳ ಮೇಲೆ ಒಂದೊಂದಾಗಿ ಬೆರಳು ಸವರಿದ.

"ಫ್ರೆಟ್ ನೋಡ್ರಿ ಅಬ್ಬಾ. ಒಂದೂ ಸವದಿಲ್ಲ. ಒಂದು ಗೀರು ಇಲ್ಲ. ಇಷ್ಟು ಹಳೇ ಗಿಟಾರ್, ಫ್ಯಾಕ್ಟರಿಯಿಂದ ನಿನ್ನೆ ಬಂದಂಗ ಅದ." ತಿರುಗಿಸಿ ಬೆನ್ನು ನೋಡಿದ. ಬೆನ್ನೂ ಹೊಳೆಯುತ್ತಿತ್ತು. "ಇದನ್ನ ಯಾರೂ ಬಾರಿಸೇ ಇಲ್ಲ."

ಬಾರಿಸಿದರೆ ಸವೆಯಬೇಕಾದ ಜಾಗಗಳವು. ತಂತಿಯನ್ನು ಬೆರಳಿನಿಂದ ಆ ಪಟ್ಟಿಗಳಿಗೆ ಒತ್ತಿ ಬಾರಿಸುವವರ ಕೈಯಲ್ಲಿ ಅವು ಸವೆಯುತ್ತವೆ. ಜಯದೇವಿಯ ಉಕ್ಕಿನ ತುಂಡು ಒಮ್ಮೆಯೂ ಅವನ್ನು ಮುಟ್ಟಿರಲಿಲ್ಲ. ಬೆನ್ನನ್ನು ಗುಂಡಮ್ಮನ ಕೌದಿ ಕಾಯ್ದಿತ್ತು.

"ಹೌದ್ರಿ," ಎಂದ ವಿವೇಕಾನಂದ ಥಟ್ಟನೆ. "ನಮ್ಮ ತಂದಿಯವರು ತಂದಿದ್ರು. ಹಂಗೇ ಪೆಟಗ್ಯಾಗ ಇತ್ತು. ಮನ್ಯಾಗ ಯಾರೂ ಬಾರಿಸಿಲ್ಲ."

"ಹಂಗಾರ ನಾ ಹೇಳಿದ್ದಕ್ಕಿಂತ ಜಾಸ್ತೀನೇ ಕೊಡ್ತೀನ್ರಿ. ಇಂಥಾದ್ದು ಮತ್ತ ಸಿಗೂದಿಲ್ಲ."

ಜಯದೇವಿ ತಮ್ಮನ ಮುಖ ನೋಡಿದಳು. ಅವನು ಬಾಳೆಹಣ್ಣು ಸುಲಿಯುತ್ತಿದ್ದ. ಬೆಲೆಗಾಗಿ ಹೇಳಿದ ಮಾತು, ಅದರಲ್ಲಿ ಅವನಿಗೆ ತಪ್ಪೇನೂ ಕಂಡಿರಲಿಲ್ಲ. ಈ ಗಿಟಾರು ಬಾರಿಸಿದ್ದಲ್ಲದಿದ್ದರೆ ಅವಳು ಇಷ್ಟು ವರ್ಷ ಆ ಮನೆಯಲ್ಲಿ ಕೂತು ಮಾಡಿದ್ದೇನು?

"ಬಾರಿಸೀನಿ," ಎಂದಳು. "ನಾ ಬಾರಿಸೀನಿ. ಹುಡುಗಿ ಇದ್ದಾಗಿಂದ ಇದನ್ನೇ ಬಾರಿಸೀನಿ. ಹಳೇದು, ಬಾರಿಸಿದ್ದು ಅಂತ ಹಿಡದೇ ರೇಟ್ ಹಚ್ಚಪಾ. ಜಾಸ್ತಿ ಬ್ಯಾಡ."

"ಅಕ್ಕಾ," ಎಂದ ವಿವೇಕಾನಂದ.

ತಾರಿಖ್ ನಕ್ಕ, ಕುಹಕದ ನಗೆಯಲ್ಲ. "ಖರೇನ್ರಿ ಅಮ್ಮಾ? ಹಂಗಾರ ಒಂದ್ಸಲ ಬಾರಸ್ರಿ. ಕೇಳ್ತೀನಿ."

ಆಕೆ ಚೀಲದಿಂದ ಉಕ್ಕಿನ ತುಂಡು ತೆಗೆದಳು. ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ, ಪೆಟ್ಟಿಗೆಯಲ್ಲಿದ್ದ ಕೌದಿ ಹಾಸಿಕೊಂಡು, ಗಿಟಾರನ್ನು ತೊಡೆಯ ಮೇಲೆ ಮಲಗಿಸಿದಳು. ಅಮೀನಾ ಬಾಗಿಲಲ್ಲಿ ಚಹಾದ ತಾಟು ಹಿಡಿದು ನಿಂತಳು. ಜಯದೇವಿ ತಂತಿಯ ಮೇಲೆ ಉಕ್ಕು ಇಟ್ಟಳು. ಅದು ಫ್ರೆಟ್ಟುಗಳಿಗೆ ಬಡಿದು ಕಟಕಟ ಎಂದಿತು. ಇನ್ನೊಮ್ಮೆ ಹಗುರ ಇಟ್ಟಳು. ಕೈ ನಡುಗಿ ಮತ್ತೂ ಕಟಕಟ ಎಂದಿತು, ಸ್ವರವೇ ಹುಟ್ಟಲಿಲ್ಲ. ಬಾಗಿ ನೋಡಿದಳು. ತಂತಿಗಳು ಕೆಳಗಿಳಿದು ಕತ್ತಿಗೆ ಹತ್ತಿಕೊಂಡಿದ್ದವು.

"ಇಲ್ಲಿದ್ದ ಮೂಳಿ ಎಲ್ಲಿ ವಿವೇಕಾ?"

"ಯಾವ ಮೂಳಿ? ಹಾಂ, ಅದಾ. ಅಂಗಡಿಯವ ತಗದ. ಅದಿದ್ರ ಯಾರೂ ತಗೋಳಲ್ಲ ಅಂದ."

"ಎಲ್ಲಿ ಇಟ್ಟಿ?"

"ಅಲ್ಲೇ ಒಗದಿರಬೇಕು ಅಕ್ಕಾ. ನನಗೇನ ಗೊತ್ತು?"

ಆಕೆ ಮೂರನೆಯ ಸಲ ಉಕ್ಕು ಇಡಲು ಹೋದಾಗ ತಾರಿಖ್ ಮೆಲ್ಲಗೆ ಅವಳ ಕೈ ಹಿಡಿದ. "ಅಮ್ಮಾ, ಫ್ರೆಟ್‌ಗೆ ಗೀರು ಬೀಳ್ತದ್ರಿ." ಅವನ ದನಿಯಲ್ಲಿ ಬಹಳ ಮರ್ಯಾದೆ ಇತ್ತು. "ಆಯ್ತ್ರಿ, ನೀವು ಬಾರಿಸೀರಿ. ಒಪ್ಪಿದೆ. ನಾ ಛಲೋ ನೋಡಕೋತೀನಿ, ಕಾಳಜಿ ಮಾಡಬ್ಯಾಡ್ರಿ."

ಒಪ್ಪಿರಲಿಲ್ಲ ಅವನು. ವಯಸ್ಸಾದವರು ಹೇಳಿದ್ದಕ್ಕೆ ಹೂಂ ಅನ್ನುತ್ತಾರಲ್ಲ, ಆ ಹೂಂ ಅದು. ಅಮೀನಾ ಚಹಾ ಕೊಡುತ್ತ, "ಮನಿ ಸಾಮಾನು ಕೊಡೂದಂದ್ರ ಜೀವಕ್ಕ ಹಂಗೇ ಆಗ್ತದ್ರೀ. ಚಾ ಕುಡೀರಿ," ಎಂದಳು. ವಹಾಬ್ ಸಾಬರು ಒಳಗೆ ಹೋಗಿ ಹಣ ತಂದರು. ಹೆಚ್ಚಿನ ಬೆಲೆಯನ್ನೇ ಕೊಟ್ಟರು.

ಹೊರಡುವಾಗ ತಾರಿಖ್ ಕೌದಿಯನ್ನು ಮಡಚಿ ಕೈಗಿತ್ತ. "ಇದು ಬೇಕಾಗೂದಿಲ್ಲರಿ, ನೀವೇ ಇಟಕೋರಿ." ಮೇಲೆ ಒಂದು ಚಿಪ್ಪು ಕೆಂಪು ಬಾಳೆಹಣ್ಣನ್ನೂ ಕೊಟ್ಟ.

ಬಸ್ಸಿನಲ್ಲಿ ಕೌದಿ ಅವಳ ತೊಡೆಯ ಮೇಲೆಯೇ ಇತ್ತು, ಅದರ ಮೇಲೆ ಹಣ್ಣು. "ಸಿಟ್ಟಾಗ್ಯೇನು?" ಎಂದು ಕೇಳಿದ ವಿವೇಕಾನಂದ. "ನಿನಗ ನಾಕು ರೊಕ್ಕ ಹೆಚ್ಚ ಬರಲಿ ಅಂತ ಅಂದೆ. ರೊಕ್ಕ ಎಲ್ಲಾ ನಿಂದೇ. ನನಗ ಒಂದ ಪೈಸಾ ಬ್ಯಾಡ."

"ಸಿಟ್ಟಿಲ್ಲ," ಎಂದಳು. ಸಿಟ್ಟು ಇರಲೂ ಇಲ್ಲ. ಬಸ್ಸಿನ ತುಂಬ ಮಂದಿ ಇದ್ದರು. ಇವರಲ್ಲಿ ಒಬ್ಬರಾದರೂ ಎಂದಾದರೂ ಓಣಿಯಲ್ಲಿ ಹಾದುಹೋಗುವಾಗ ತನ್ನ ಗಿಟಾರು ಕೇಳಿರಬಹುದೇ ಎಂದು ಆಕೆ ಒಬ್ಬೊಬ್ಬರ ಮುಖ ನೋಡಿದಳು. ಅದನ್ನು ಅವರಿಗೆ ಕೇಳುವುದು ಹೇಗೆ? ಹಣ್ಣು ಮೆತ್ತಗಾಗದಂತೆ ಹಿಡಿದುಕೊಂಡು ಕೂತಳು.

ಮನೆಯಲ್ಲಿ ಗುಂಡಮ್ಮ ದಿನವೂ ಕೇಳತೊಡಗಿದಳು. "ರಿಪೇರಿ ಮುಗೀಲಿಲ್ಲೇನು?" ಸುನಂದಾ ಇನ್ನೂ ಇಲ್ಲರಿ ಅತ್ತಿ ಎನ್ನುವಳು. "ಎಂಥಾ ರಿಪೇರಿ ಅದು? ಭೋರ್‌ವೆಲ್ ಹೊಡಿಯಾಕತ್ತಾರೇನು?" ಎಂದು ಗುಂಡಮ್ಮ ಗೊಣಗುವಳು. ಎಲ್ಲರೂ ನಗುವರು, ಜಯದೇವಿ ಕೂಡ.

ಹೊಸ ಮನೆಗೆ ಹೋದರು. ಹಣವನ್ನು ಜಯದೇವಿ ತಾನಾಗಿಯೇ ಸುನಂದಾಳ ಕಪಾಟಿಗೆ ಕೊಟ್ಟಳು. ಬ್ಯಾಡ್ರಿ ಅಕ್ಕಾ, ಬ್ಯಾಡ್ರಿ ಎಂದು ಸುನಂದಾ ಕೈ ಮುಗಿದಳು. ಕಣ್ಣಲ್ಲಿ ನೀರು ತಂದುಕೊಂಡಳು. ಜಯದೇವಿ ಕಾದಿದ್ದ ಬ್ಯಾಡ ಎಂಬ ಆ ಮಾತು ಆ ಮನೆಯಲ್ಲಿ ಹೊರಬಿದ್ದದ್ದು ಹಣದ ಮುಂದೆ ಮಾತ್ರ. ಶರಣಸಿರಸಗಿಯ ಬಡಾವಣೆಯಲ್ಲಿ ಇನ್ನೂ ಮನೆಗಳು ಕಡಿಮೆ. ಸಂಜೆ ಗಾಳಿ ಬಿಟ್ಟರೆ ಬೇರೆ ಸಪ್ಪಳವಿಲ್ಲ. ಅವ್ವ ಮಗಳಿಗೆ ಒಂದೇ ಕೋಣೆ. ಜಯದೇವಿ ಕೌದಿಯನ್ನು ತಲೆದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತಿದ್ದಳು.

ಒಂದು ಸಂಜೆ ಎದುರಿಗೆ ಬಟ್ಟಲು ಹಿಡಿದು ಕೂತಿದ್ದ ಗುಂಡಮ್ಮನಿಗೆ ಹಾಲಲ್ಲಿ ರೊಟ್ಟಿ ಮುರಿದು ಹಾಕುತ್ತ ಜಯದೇವಿ ಅಡಿಗೆಮನೆಯ ನೆಲದ ಮೇಲೆ ಕೂತಿದ್ದಳು. ಅಂಜನಾ ಫೋನು ಹಿಡಿದು ಓಡಿ ಬಂದಳು. ತಾರಿಖ್ ವಿಡಿಯೋ ಕಳಿಸಿದ್ದ. ಕುರ್ಚಿಯ ಮೇಲೆ ಕೂತು, ಗಿಟಾರನ್ನು ಎದೆಗೆ ನಿಲ್ಲಿಸಿಕೊಂಡು, ಬೆರಳುಗಳನ್ನು ಓಡಿಸುತ್ತಿದ್ದ. ಮೆತ್ತನೆಯ, ಪುಟಿಯುವ, ಚಂದದ ನಾದ ಅದು. ಅದರಲ್ಲಿ ಸುಳ್ಳಿಲ್ಲ. ವಿವೇಕಾನಂದನೂ ಬಂದು ನಿಂತ.

"ಏನ್ ಸೌಂಡ್ ಅದ ನೋಡು ಪಪ್ಪಾ," ಎಂದಳು ಅಂಜನಾ.

"ಇಷ್ಟು ವರ್ಷ ನಮ್ಮ ಮನ್ಯಾಗೇ ಇತ್ತು," ಎಂದ ವಿವೇಕಾನಂದ ತಲೆ ತೂಗುತ್ತ. "ಇಂಥಾ ಗಿಟಾರಂತ ನಮಗ ಗೊತ್ತೇ ಇದ್ದಿದ್ದಿಲ್ಲ."

"ಖರೇನ್ರಿ," ಎಂದಳು ಸುನಂದಾ. "ಬಾರಸೂವ್ರ ಕೈ ಬಿದ್ರನ ಗೊತ್ತಾಗೂದು."

ಜಯದೇವಿ ರೊಟ್ಟಿ ಮುರಿಯುತ್ತಲೇ ಇದ್ದಳು.

"ಯಾರದದು ಬಡದಾಡಾಕತ್ತಿದ್ದು?" ಎಂದಳು ಗುಂಡಮ್ಮ.

"ಅತ್ತೀ ಗಿಟಾರ ಆಯಿ. ಈಗ ಕಮಲಾಪುರದವ್ರು ಬಾರಸ್ತಾರ," ಎಂದುಬಿಟ್ಟಳು ಅಂಜನಾ. ನಾಲಿಗೆ ಕಚ್ಚಿಕೊಂಡು ಫೋನು ಬಂದ್ ಮಾಡಿದಳು.

ಗುಂಡಮ್ಮ ಬಟ್ಟಲು ಕೆಳಗಿಟ್ಟಳು.

"ಅದು ಜಯಾನ ಗಿಟಾರಲ್ಲ. ಜಯಾನ ಗಿಟಾರು ಹಿಂಗ ಪಟಪಟ ಮಾತಾಡೂದಿಲ್ಲ. ಆಕಿ ಎಳೀತಿದ್ದಳು. ಸಂಜೀ ಮುಂದ ಒಂದು ಸ್ವರ ಹಿಡದಳಂದ್ರ ನನ್ನ ಬತ್ತಿ ಹೊಸದು ಮುಗಿಯೂತನ ಬಿಡ್ತಿದ್ದಿಲ್ಲ. ನನಗ ಕಣ್ಣಿಲ್ಲ, ಕಿವಿನೂ ಇಲ್ಲಂದಕೊಂಡೀರೇನು?" ಮಗಳ ಕಡೆ ತಿರುಗಿ ಕೇಳಿದಳು, "ಜಯಾ, ಮಾರಿದ್ಯಾ?"

"ಹೂಂ ಯವ್ವಾ."

"ನನಗ್ಯಾಕ ಕೇಳಲಿಲ್ಲ?"

"ನಿನಗ ಅದರ ಸಪ್ಪಳ ಆಗಿಬರತಿದ್ದಿಲ್ಲಲ್ಲ. ದಿನಾ ಬೈತಿದ್ದಿ."

"ಬೈತಿದ್ದೆ. ನಾ ಬೈದ್ರ ಹಟ ಹಿಡದು ಇನ್ನೂ ಹೆಚ್ಚ ಬಾರಸ್ತಿದ್ದಿ ನೀ. ಸಣ್ಣಾಕಿ ಇದ್ದಾಗಿಂದ ನಿನ್ನ ಗುಣ ನನಗ ಗೊತ್ತಿಲ್ಲೇನು?" ಗುಂಡಮ್ಮ ಕೈ ಚಾಚಿ ಮಗಳ ನಡುಗುವ ಕೈಯನ್ನು ತಡಕಿ ಹಿಡಿದಳು. "ಕೇಳಿದ್ರ ಬ್ಯಾಡ ಅಂತಿದ್ದೆ."

ಅಷ್ಟು ದಿನ ಕಾದಿದ್ದ ಮಾತು ಬಂದಿತ್ತು. ಗಿಟಾರು ಕಮಲಾಪುರದಲ್ಲಿತ್ತು.

"ಹಾಲು ಆರಾಕತ್ತದ, ಉಣ್ಣ ಯವ್ವಾ," ಎಂದಳು ಜಯದೇವಿ. ಇನ್ನೊಂದು ಕೈಯಿಂದ ಬಟ್ಟಲನ್ನು ಅವ್ವನ ಕಡೆ ಸರಿಸಿದಳು.